ಲೆಕ್ಕಕ್ಕಿಲ್ಲದ ಸುತ್ತು

ಅಕ್ಟೋಬರ್ ೬, ೨೦೨೪, ಭಾನುವಾರ. ಬಣಕಲ್

ಭಾಷಣ ಬರೆಯಲಿಕ್ಕೆ ಅಂತ ಈ ನೋಟ್‌ಬುಕ್ ತೆಗೆದೆ. ಮೂವತ್ತು ವರ್ಷ ಬಾಯಿಂದಲೇ ಬದುಕಿದವನಿಗೆ ಬರೆದುಕೊಂಡು ಮಾತಾಡುವ ಗತಿ ಬಂತು. ದಿಲೀಪನ ಅಪ್ಪಣೆ ಅದು. "ದಯಣ್ಣ, ಹತ್ತು ನಿಮಿಷ ಅಷ್ಟೆ. ನೀವು ಮೈಕ್ ಹಿಡಿದ್ರೆ ಊಟ ಆರಿಹೋಗುತ್ತೆ." ದಿಲೀಪ ತೋಟದ ಗೌಡರ ಮಗ, ಎದುರಿಗೆ 'ನೀವು' ಅನ್ನುತ್ತೇನೆ. ಇಲ್ಲಿ ಯಾರು ನೋಡುತ್ತಾರೆ.

ವಿಷಯ ಇಷ್ಟು. ಪೇಟೆಯಿಂದ ಎರಡು ಕಿಲೋಮೀಟರ್ ಒಳಗೆ, ದಿಲೀಪನ ಅಪ್ಪ ವೆಂಕಟೇಶ ಗೌಡರ ತೋಟದ ಹಳ್ಳದ ದಡದಲ್ಲಿ ಒಂದು ಹಳೇ ಪಲ್ಪರ್ ಶೆಡ್ಡು. ಕಾಫಿ ಹಣ್ಣು ಸುಲಿಯುವ ಮಿಷನ್ ಮೇಲಿನ ಕಣಕ್ಕೆ ಹೋದಮೇಲೆ ಖಾಲಿ ಬಿದ್ದಿತ್ತು. ಹದಿನೆಂಟಡಿ ಉದ್ದ, ಹನ್ನೆರಡಡಿ ಅಗಲ, ಒಂದು ಕಿಟಕಿ, ತಗಡಿನ ಮಾಡು. ೧೯೯೪ರಲ್ಲಿ ಅಲ್ಲಿ ನಾನು ಮೊದಲನೇ ಹಳ್ಳದ ಕರೆಂಟಿನ ಮಿಷನ್ ಮಾಡಿದೆ. ಗುಡ್ಡದ ಮೇಲಿಂದ ಪೈಪಿನಲ್ಲಿ ನೀರು ಇಳಿಸುವುದು, ಆ ನೀರು ಚಕ್ರ ತಿರುಗಿಸುತ್ತೆ, ಚಕ್ರಕ್ಕೆ ಕಟ್ಟಿದ ಡೈನಮೋ ಮನೆಗೆ ನಾಲ್ಕು ಬಲ್ಬು, ಒಂದು ಟಿವಿ ನಡೆಸುತ್ತೆ. ಲೈಟು ಕಂಬ ಬಾರದ ಮನೆಗಳಿಗೆ, ಅತ್ತ ಕಳಸದವರೆಗೆ, ಹೊರಿಸಿಕೊಂಡು ಹೋಗಿ ಕೂರಿಸಿ ಬಂದೆ. ಈಗ ನಲವತ್ತೊಂದು ವರ್ಕ್‌ಶಾಪುಗಳು ಇದನ್ನೇ ಮಾಡುತ್ತವೆ, ಹೊರರಾಜ್ಯಕ್ಕೂ ಲಾರಿ ಹೋಗುತ್ತೆ. ನಲವತ್ತೊಂದರಲ್ಲಿ ಇಪ್ಪತ್ತಾರು ಜನ ನನ್ನ ಹತ್ತಿರ ಸ್ಪ್ಯಾನರ್ ಹಿಡಿಯೋದು ಕಲಿತವರು. ಅವರ ಸಂಘಕ್ಕೆ ದಿಲೀಪನೇ ಕಾರ್ಯದರ್ಶಿ. ಶೆಡ್ಡನ್ನು ಸ್ಮಾರಕ ಮಾಡುತ್ತಾರಂತೆ. ನವೆಂಬರ್ ಹದಿನೇಳಕ್ಕೆ ಉದ್ಘಾಟನೆ, ಗೋಡೆಗೆ ಹಿತ್ತಾಳೆಯ ಫಲಕ.

ಯಶೋದಾ ಹೋಗಿ ಇವತ್ತಿಗೆ ನಲವತ್ತನಾಲ್ಕು ದಿನ. ಬಂದು ಮಾತಾಡಿಸಿದವರು ನೂರಾ ಹನ್ನೆರಡು ಜನ, ಅವರಿಗೆಲ್ಲ ನಾನೇ ಧೈರ್ಯ ಹೇಳಿ ಕಳಿಸಿದೆ. ಹೆಂಡತಿ ಸತ್ತವನು ಹೇಗಿರಬೇಕೋ ಅದಕ್ಕಿಂತ ಚೆನ್ನಾಗೇ ಇದ್ದೇನೆ.

ಕಾಫಿ ಒಂದು ಸರಿಯಿಲ್ಲ. ಜ್ವರದಲ್ಲಿ ಮಲಗಿದ್ದಾಗ ಹೇಳಿಕೊಟ್ಟಿದ್ದಳು: "ಫಿಲ್ಟರಿಗೆ ನಾಲ್ಕು ಚಮಚ ಪುಡಿ ಹಾಕಿ, ನೀರು ಕುದಿ ಬಂದಮೇಲೆ ಹುಯ್ಯಿರಿ." ನಾಲ್ಕೇ ಹಾಕುತ್ತೇನೆ. ನೀರು ನೀರು. ಪುಡಿಯವನು ಕೈಚಳಕ ತೋರಿಸಿದ್ದಾನೆ.

ಅಕ್ಟೋಬರ್ ೯, ಬುಧವಾರ

ಶೆಡ್ಡಿಗೆ ಹೋಗಿದ್ದೆ. ವರ್ಕ್‌ಶಾಪನ್ನು ಮೇನ್ ರೋಡಿಗೆ ತಂದಮೇಲೆ ಹನ್ನೊಂದು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಹಿಂದೆ ಅಲ್ಲಿ ಯಾರೂ ಚಪ್ಪಲಿ ಬಿಟ್ಟವರಲ್ಲ, ಗ್ರೀಸು, ತಗಡಿನ ಚೂರು. ಯಾಕೆ ಬಿಟ್ಟೆನೋ.

ದಿಲೀಪನ ಜೊತೆ ಧನ್ಯಶ್ರೀ ಅಂತ ಒಬ್ಬಳು ಬಂದಿದ್ದಳು. ಮೂಡಿಗೆರೆಯ ಕಾಲೇಜಲ್ಲಿ ಇತಿಹಾಸ ಹೇಳಿಕೊಡುವ ಹುಡುಗಿ. ಉದ್ಘಾಟನೆಗೆ ಪುಟ್ಟ ಪುಸ್ತಕ ಬರೆಯುವ ಕೆಲಸ ಅವಳದ್ದು. ಒಳಗೆ ಬಂದವಳೇ ನಾಲ್ಕು ಗೋಡೆ ನೋಡಿ, "ಇಷ್ಟೇನಾ ಸರ್?" ಅಂದಳು.

"ಇಷ್ಟೇ ಮೇಡಂ. ದೊಡ್ಡ ಜಾಗದಲ್ಲಿ ಶುರುವಾಗೋದು ಸರ್ಕಾರಿ ಆಫೀಸು ಮಾತ್ರ."

ನಕ್ಕಳು. ದಿಲೀಪ 'ಹೆರಿಟೇಜ್' ಅಂತ ಹನ್ನೊಂದು ಸಲ ಅಂದ.

ಕಿಟಕಿಯ ಕೆಳಗೆ, ನೆಲದಲ್ಲಿ ಕೂತವರ ಕೈಗೆ ಎಟುಕುವ ಎತ್ತರದಲ್ಲಿ, ಗೋಡೆಯ ಮೇಲೆ ಇದ್ದಿಲಿನ ಗೀಟುಗಳು. ಸಾಲು ಸಾಲಾಗಿ ಒಂದು ಆಳಗಲ ಇವೆ. ಧನ್ಯಶ್ರೀ ಬಗ್ಗಿ ನೋಡಿದಳು. "ಇದೇನು ಸರ್?"

"ಗೀಚಿದ್ದು ಮೇಡಂ. ಯಶೋದಾ ಅಲ್ಲಿ ಕೂತು ಡೈನಮೋಕ್ಕೆ ತಂತಿಯ ಕಾಯಿಲ್ ಸುತ್ತುತ್ತಿದ್ದಳು, ಮಧ್ಯೆ ನಾನು ಕರೆದರೆ ಎಲ್ಲಿಗೆ ಬಂತು ಅಂತ ಗೀಟು ಹಾಕಿ ಏಳುತ್ತಿದ್ದಳು."

"ಪ್ರತಿ ಸಾಲೂ ಸೊನ್ನೆಯಿಂದ ಶುರುವಾಗುತ್ತಲ್ಲ?"

"ಹೆಂಗಸರ ಕೈ, ಬೊಟ್ಟಿಡೋ ಅಭ್ಯಾಸ," ಅಂದೆ. ಅದಕ್ಕೂ ನಕ್ಕರು. ನಾನು ದಿಲೀಪನಿಗೆ ಹೇಳಿದೆ, ಒಂದು ಕೈ ಸುಣ್ಣ ಹೊಡೆಸಿಬಿಡಿ, ಬಂದವರಿಗೆ ಗಲೀಜಾಗಿ ಕಾಣುತ್ತೆ. ಆಗಲಿ ಅಂದ. ಸುಣ್ಣ ಹೊಡೆಯೋಕೆ ಮುಂಚೆ ಒಂದು ಫೋಟೋ ಇರಲಿ ಸರ್ ಅಂತ ಧನ್ಯಶ್ರೀ ಮೊಬೈಲ್ ತೆಗೆದಳು. ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಎದೆ ಸೆಟೆಸಿ ಕೂತೆ.

ಎಷ್ಟು ಸಣ್ಣ ಜಾಗ. ಮಿಷನ್, ಪೈಪಿನ ನಡುವೆ ಇಬ್ಬರು ಓಡಾಡಿದರೆ ಮೊಣಕೈ ತಾಗುತ್ತಿತ್ತು.

ಅಕ್ಟೋಬರ್ ೧೪, ಸೋಮವಾರ

ಫಲಕದ ಒಕ್ಕಣೆ ಕಳಿಸಿದ್ದಾರೆ, ತಪ್ಪಿದ್ದರೆ ತಿದ್ದಿ ಅಂತ. ಇಲ್ಲಿ ಇಳಿಸಿಕೊಳ್ಳುತ್ತೇನೆ:

'೧೯೯೪ರಲ್ಲಿ ಈ ಶೆಡ್ಡಿನಲ್ಲಿ ಶ್ರೀ ದಯಾನಂದ ಅವರು ಮೊದಲ ಹಳ್ಳದ ವಿದ್ಯುತ್ ಯಂತ್ರ ನಿರ್ಮಿಸಿದರು. ಅವರು ಕಂಡುಹಿಡಿದ ದಯಾನಂದ ಸುತ್ತು ಇಂದಿಗೂ ಈ ಉದ್ಯಮದ ಬೆನ್ನೆಲುಬು. ಪತ್ನಿ ಶ್ರೀಮತಿ ಯಶೋದಾ ಸಹಕರಿಸಿದರು.'

ಕಾಗುಣಿತ ಸರಿಯಿದೆ. ಒಪ್ಪಿಗೆ ಅಂತ ಮೆಸೇಜ್ ಹಾಕಿದೆ.

ಈ ದಯಾನಂದ ಸುತ್ತಿನ ಪೂರಾ ಕಥೆ ಇಬ್ಬರಿಗೆ ಗೊತ್ತಿತ್ತು. ಈಗ ಒಬ್ಬನಿಗೆ. ಇಲ್ಲಿ ಬರೆದಿಟ್ಟರೆ ನೋಟ್‌ಬುಕ್ಕಿಗೆ.

ಡೈನಮೋದ ಒಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಒಂದೊಂದು ಸುರುಳಿಗೆ ಇಪ್ಪತ್ತೆಂಟು ಸುತ್ತು ಅಂತ ನಾನು ಲೆಕ್ಕ ಹಾಕಿದ್ದೆ. ಸುತ್ತುವ ಕೆಲಸ ಯಶೋದೆಯದು. ಚಿಕ್ಕಂದಿನಿಂದ ಕಾಫಿ ಕುಯ್ದ ಬೆರಳು, ತಂತಿ ಒಂದರ ಪಕ್ಕ ಒಂದು ಹೇಳಿದ ಹಾಗೆ ಕೂರುತ್ತಿತ್ತು. ಎರಡನೇ ವರ್ಷ ಸಿಡಿಲಿಗೆ ಸುಟ್ಟ ಒಂದು ಮಿಷನ್ ವಾಪಸ್ ಬಂತು. ಬಿಚ್ಚಿ ಎಣಿಸಿದರೆ ಇಪ್ಪತ್ತೊಂಬತ್ತು. ಇನ್ನೊಂದು ಸುರುಳಿ ಬಿಚ್ಚಿದೆ, ಇಪ್ಪತ್ತೊಂಬತ್ತು. ಅಷ್ಟೂ ಹಾಗೇ. ತಾಮ್ರ ಏನು ಹಳ್ಳದಲ್ಲಿ ಹರಿದು ಬರುತ್ತಾ? ಕೆಲಸದವರ ಎದುರಿಗೇ ಕೇಳಿದೆ, "ಎಣಿಸೋಕ್ಕೂ ಬರಲ್ವಾ ನಿಂಗೆ?"

"ಸರಿಯಾಗೇ ಎಣಿಸಿದೀನಿ," ಅಂದಳು.

ಅಷ್ಟೇ ಅಂದದ್ದು. ನಾನು ನಕ್ಕೆ, ಉಳಿದವರೂ ನಕ್ಕರು.

ಆಮೇಲೆ ನೋಡಿದರೆ ನಮ್ಮ ಮಿಷನ್ ಹಾಕಿಸಿದ ಮನೆಗಳಲ್ಲೇ ಬೆಳಕು ಚೆನ್ನಾಗಿತ್ತು. ಹಳ್ಳದಿಂದ ಮನೆಗೆ ಅರ್ಧ ಕಿಲೋಮೀಟರ್ ತಂತಿ ಎಳೆದರೆ ದಾರಿಯಲ್ಲೇ ಕರೆಂಟ್ ಸೊರಗುತ್ತೆ, ಬಲ್ಬು ಕೆಂಪಗೆ ಉರಿಯುತ್ತೆ. ಆ ಒಂದು ಹೆಚ್ಚಿನ ಸುತ್ತು ಸೊರಗಿದ್ದನ್ನು ತುಂಬಿಕೊಡುತ್ತಿತ್ತು. ಕಳಸದಲ್ಲಿ ಪ್ಲಾಂಟರುಗಳ ಮೀಟಿಂಗಲ್ಲಿ ಯಾರೋ ಕೇಳಿದರು, ನಿಮ್ಮದರಲ್ಲಿ ಏನು ಗುಟ್ಟು ಮಾರಾಯ್ರೆ ಅಂತ. ನನ್ನ ಬಾಯಿ ನನ್ನ ತಲೆಗಿಂತ ಮುಂದೆ ಹೋಗುತ್ತೆ. "ಎರಡು ವರ್ಷ ನಿದ್ದೆಗೆಟ್ಟು ಕಂಡುಹಿಡಿದಿದ್ದು. ಒಂದು ಸುತ್ತು ಜಾಸ್ತಿ. ಯಾರಿಗೂ ಹೇಳಬೇಡಿ." ಒಂದು ವಾರದಲ್ಲಿ ಊರಿಗೆಲ್ಲ ಗೊತ್ತಾಯಿತು, ಹೆಸರೂ ಬಿತ್ತು. ಯಶೋದಾ ಹಿಂದಿನ ಬೆಂಚಲ್ಲಿ ಕೂತಿದ್ದಳು. ಬರುವಾಗ ಬಸ್ಸಿನಲ್ಲಿ ಹೇಳಿದೆ, "ನಿನ್ನ ತಪ್ಪನ್ನ ಮುಚ್ಚಿದೆ ನೋಡು." "ಆಯ್ತು ಬಿಡಿ," ಅಂದು ಕಿಟಕಿ ಕಡೆ ತಿರುಗಿದಳು.

ಸುಳ್ಳು ಅಂತ ನನಗೆ ಯಾವತ್ತೂ ಅನಿಸಿಲ್ಲ. ತಪ್ಪು ಅವಳದ್ದು, ಅದರ ಉಪಯೋಗ ಕಂಡವನು ನಾನು.

ಅಕ್ಟೋಬರ್ ೧೫, ಮಂಗಳವಾರ

ಆಲ್ದೂರಿನಿಂದ ಬೇರೆ ಪುಡಿ ತಂದೆ. ಅದೂ ಅಷ್ಟೆ.

ಅಕ್ಟೋಬರ್ ೨೨, ಮಂಗಳವಾರ

ಭಾಷಣ ಮೂರು ಪುಟ ಆಯಿತು. ಗಡಿಯಾರ ಇಟ್ಟುಕೊಂಡು ಓದಿದೆ, ಹದಿನಾಲ್ಕು ನಿಮಿಷ. ಜನ ನಗುವ ಜಾಗ ಒಂಬತ್ತು. ಯಶೋದಾ ಅಂತ ಬರುವ ಜಾಗ ಒಂದು, ಕೊನೆಯಲ್ಲಿ, ಗಂಟಲು ಕಟ್ಟಿದ ಹಾಗೆ ಮಾಡಲಿಕ್ಕೆ ಇಟ್ಟುಕೊಂಡಿದ್ದೇನೆ.

ಧನ್ಯಶ್ರೀ ಫೋನ್ ಮಾಡಿದ್ದಳು. ನನ್ನ ಹಳೇ ಆರ್ಡರ್ ಪುಸ್ತಕಗಳನ್ನು ಓದಲಿಕ್ಕೆ ಒಯ್ದಿದ್ದಾಳೆ.

"ಸರ್, ತೊಂಬತ್ತಾರರ ಮಾರ್ಚಲ್ಲಿ ನೀವು ಹದಿನೆಂಟು ದಿನ ಕಳಸದ ಕಡೆ ಮಿಷನ್ ಕೂರಿಸ್ತಿದ್ರಿ ಅಂತಿದೆ. ಅದೇ ಹದಿನೆಂಟು ದಿನದಲ್ಲಿ ಶೆಡ್ಡಲ್ಲಿ ಆರು ಮಿಷನ್ ರೆಡಿಯಾಗಿವೆ. ಎರಡು ಕಡೆ ಹೇಗಿದ್ರಿ?"

"ಸುತ್ತುತ್ತಿದ್ದವಳು ಯಶೋದಾ ಅಂತ ಹೇಳಿದ್ದೆನಲ್ಲ ಮೇಡಂ. ಕೈ ಅವಳದ್ದು, ತಲೆ ನನ್ನದು."

"ಹಾಗಾದರೆ ಅವರದ್ದೊಂದು ಫೋಟೋ ಕಳಿಸಿ ಸರ್. ಪುಸ್ತಕಕ್ಕೆ."

ಬೀರುವಿನಿಂದ ಆಲ್ಬಮ್ ಇಳಿಸಿದೆ. ಇನ್ನೂರಾ ಹದಿನಾಲ್ಕು ಫೋಟೋ. ಅವಳಿರುವುದು ಒಂಬತ್ತರಲ್ಲಿ. ಒಂಬತ್ತರಲ್ಲಿ ಮೂರು ಮದುವೆಯವು, ತಲೆ ತಗ್ಗಿಸಿದ್ದಾಳೆ, ಬೈತಲೆ ಮಾತ್ರ ಕಾಣುತ್ತೆ. ಉಳಿದ ಆರರಲ್ಲಿ ನಾನು ಯಾರಿಗೋ ಏನನ್ನೋ ವಿವರಿಸುತ್ತ ಕೈ ಎತ್ತಿದ್ದೇನೆ, ಅವಳ ಮುಖ ನನ್ನ ಕೈಯ ಹಿಂದೆ.

ಅವಳ ವೋಟರ್ ಕಾರ್ಡು ಸಿಕ್ಕಿತು. ಅದರಲ್ಲಿ ಇರುವುದು ಅವಳು ಅಂತ ಅವಳೇ ಒಪ್ಪುತ್ತಿರಲಿಲ್ಲ.

ಅಕ್ಟೋಬರ್ ೩೧, ಗುರುವಾರ

ದೀಪಾವಳಿ. ನಮ್ಮಲ್ಲಿ ಈ ವರ್ಷ ಇಲ್ಲ. ಎಪ್ಪತ್ತನೇ ದಿನಕ್ಕೆ ಒಂದು ಕಡಿಮೆ.

ನವೆಂಬರ್ ೩, ಭಾನುವಾರ

ಫೋಟೋ ಇದ್ದರೆ ಅತ್ತೆಯ ಹತ್ತಿರ ಇರುತ್ತೆ ಅಂತ ಬೆಳಿಗ್ಗೆ ಗೋಣಿಬೀಡಿನ ಬಸ್ ಹತ್ತಿದೆ. ಮುತ್ತಮ್ಮತ್ತೆಗೆ ಎಂಬತ್ತನಾಲ್ಕು. ಐವತ್ತು ವರ್ಷ ಎಸ್ಟೇಟಲ್ಲಿ ಕಾಫಿ ಕುಯ್ದವರು. ಮಾವ ನಿಂಗಯ್ಯ ಅಲ್ಲೇ ಮೇಸ್ತ್ರಿಯಾಗಿದ್ದರು, ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅತ್ತೆ ಈಗ ಕಾಲೊನಿ ಮನೆಯಲ್ಲಿ ಒಬ್ಬರೇ. ಮಗಳ ತಿಥಿಯಲ್ಲಿ ನೋಡಿದ್ದಕ್ಕಿಂತ ಅರ್ಧ ಆಗಿದ್ದಾರೆ.

"ಸೊರಗಿದೀರಿ," ಅಂದರು ನನಗೆ.

"ನೀವೇ ಸೊರಗಿದೀರಿ ಅತ್ತೆ."

"ನಂದು ಬಿಡಿ, ವಯಸ್ಸಾತು. ನೀವು ಮಾತು ಕಮ್ಮಿ ಮಾಡಿದೀರಿ. ಒಳಗೆ ಬಂದು ಇಷ್ಟೊತ್ತಾತು, ಮೂರೇ ಮಾತು."

ಫೋಟೋ ಇತ್ತು. ಏಳನೇ ಕ್ಲಾಸಿನ ಗ್ರೂಪ್ ಫೋಟೋ. ಮೂರನೇ ಸಾಲು, ಎಡದಿಂದ ಐದನೆಯವಳು, ಉಗುರಿನಷ್ಟು ಮುಖ. ನೇರ ಕ್ಯಾಮೆರಾ ನೋಡುತ್ತಿದ್ದಾಳೆ. ನನ್ನ ಆಲ್ಬಮ್ಮಿನಲ್ಲಿ ಅವಳು ಹಾಗೆ ನೋಡಿದ್ದು ಒಂದೂ ಇಲ್ಲ.

ಹೊರಡುವಾಗ ಅತ್ತೆ, "ಗಂಧಸಾಲೆ ಅಕ್ಕಿ ಐತೆ, ಒಂದು ಸೇರು ತಗಂಡೋಗಿ," ಅಂತ ಡಬ್ಬಿ ಎಳೆದರು. ಬೇಡ ಅಂದರೆ ಕೇಳುವವರಲ್ಲ. ಪಾವಿನಲ್ಲಿ ಅಳೆದು ನನ್ನ ಚೀಲಕ್ಕೆ ಹಾಕತೊಡಗಿದರು.

"ಲಾಭ."

ಒಂದು ಪಾವು ಬಿತ್ತು.

"ಒಂದು. ಎರಡು. ಮೂರು. ನಾಲ್ಕು."

ಅಳತೆ ಶುರು ಮಾಡುವಾಗ ಒಂದು ಅನ್ನದೆ ಲಾಭ ಅನ್ನುವುದು ಎಲ್ಲ ಕಡೆ ಇದ್ದದ್ದೇ. ಆದರೆ ಆಮೇಲೆ ಎರಡು ಬರಬೇಕು. ನನ್ನ ಬಾಯಿ ಸುಮ್ಮನಿರುತ್ತಾ. "ಅತ್ತೆ, ಲೆಕ್ಕ ತಪ್ಪಿದ್ರಿ. ಲಾಭ ಆದಮೇಲೆ ಎರಡು ಅಲ್ವಾ? ಸೇರಿಗೆ ನಾಲ್ಕು ಪಾವು. ಐದು ಹಾಕಿದೀರಿ."

"ನಾಲ್ಕೇ ಹಾಕಿರೋದು."

"ನಾನು ನೋಡಿದ್ನಲ್ಲ."

"ಅದು ಅಂಗಡಿಯೋರ ಎಣಿಕೆ ಮಾರಾಯ್ರೆ. ಅವರು ಒಂದಕ್ಕೇ ಲಾಭ ಅಂತ ಹೆಸರಿಟ್ಟು ಕರೀತಾರೆ. ನಮ್ಮನೇಲಿ ಲಾಭ ಲೆಕ್ಕಕ್ಕಿಲ್ಲ. ಅದು ತಗಳೋರಿಗೆ ಬಿಟ್ಟಿದ್ದು. ಅದಾದ ಮೇಲೆ ಒಂದು." ಪಾವನ್ನು ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. "ನಿಮ್ಮ ಮಾವ ಎಸ್ಟೇಟ್ ಲೈನಿನ ಆಳುಗಳಿಗೆ ಅಕ್ಕಿ ಅಳೀವಾಗ ಹಿಂಗೇ. ಲೆಕ್ಕ ಬರಿಯೋ ರೈಟ್ರು ಎಷ್ಟು ಬೈದ್ರೂ ಬಿಡಲಿಲ್ಲ. ಯಶಿನೂ ಹಂಗೇ. ಶಾಲೇಲಿ ಮೇಷ್ಟ್ರು ಬೆರಳ ಮೇಲೆ ಹೊಡೆದ್ರು. ಏನೇ ಎಣಿಸಲಿ, ಮೊದ್ಲು ಲಾಭ ಅನ್ನೋಳು. ನಿಮಗೆ ಗೊತ್ತಿರಬೇಕಲ್ಲ."

ಗೊತ್ತು ಅಂದೆ.

ಬಸ್ಸಿನಲ್ಲಿ ಅಕ್ಕಿ ಚೀಲ ತೊಡೆಯ ಮೇಲಿತ್ತು. ಬಣಕಲ್ ಬಂದದ್ದು ಗೊತ್ತಾಗಲಿಲ್ಲ, ಮುಂದೆ ಹೋಗಿ ಇಳಿದು ನಡೆದು ಬಂದೆ.

ನವೆಂಬರ್ ೪, ಸೋಮವಾರ

ಬೆಳಿಗ್ಗೆ ಆರೂವರೆಗೇ ಶೆಡ್ಡಿಗೆ ಹೋದೆ. ಬೀಗ ಇರಲಿಲ್ಲ.

ಸುಣ್ಣ ಚೆನ್ನಾಗಿ ಹೊಡೆದಿದ್ದಾರೆ. ಎರಡು ಕೋಟು. ಕಿಟಕಿಯ ಕೆಳಗೆ ಕಪ್ಪು ಇದ್ದ ಜಾಗಕ್ಕೆ ಮೂರು. ಕುಕ್ಕರಗಾಲಲ್ಲಿ ಕೂತು ಬೆರಳಿನ ಉಗುರಿನಿಂದ ಕೆರೆದೆ. ಬಿಳಿ ಬಂತು, ಅದರ ಕೆಳಗೆ ಬೂದು, ಅದರ ಕೆಳಗೆ ಹಳೇ ಗಾರೆ. ಇದ್ದಿಲು ಸುಣ್ಣದ ನೀರಲ್ಲಿ ಕಲಸಿಹೋಗಿದೆ.

ಸೊನ್ನೆ ಅಂದರೆ ಲಾಭ. ಆಮೇಲೆ ಗೀಟು, ಗೀಟು, ಗೀಟು, ಇಪ್ಪತ್ತೆಂಟು. ಹತ್ತೊಂಬತ್ತು ವರ್ಷ ಅವಳು ಅಲ್ಲಿ ಕೂತು ಸುತ್ತಿದಳು. ನನ್ನಿಂದ ಆರಡಿ ದೂರ. ಬಾಯಲ್ಲಿ ಸಣ್ಣಗೆ ಎಣಿಸುತ್ತಿದ್ದಳು. ಏನಂತ ಎಣಿಸುತ್ತಾಳೆ ಅಂತ ನನಗೆ ಒಂದು ದಿನವೂ ಕೇಳಿಸಿಲ್ಲ. ಹೇಗೆ ಕೇಳಿಸಬೇಕು, ನಾನು ಮಾತಾಡುತ್ತಿದ್ದೆ.

ಧನ್ಯಶ್ರೀಗೆ ಫೋನ್ ಮಾಡಿ ಆ ಫೋಟೋ ಕಳಿಸಮ್ಮ ಅಂದೆ. ಒಂದೇ ನಿಮಿಷದಲ್ಲಿ ಬಂತು. ನಾನಿದ್ದೇನೆ, ಎದೆ ಸೆಟೆಸಿ, ಪೂರಾ ಗೋಡೆಗೆ ಅಡ್ಡ. ಬಲಭುಜದ ಮೇಲೆ ಒಂದು ಸೊನ್ನೆ, ಅದರ ಪಕ್ಕ ಎರಡು ಗೀಟು. ಉಳಿದದ್ದು ನನ್ನ ಅಂಗಿ.

ನವೆಂಬರ್ ೭, ಗುರುವಾರ

ಏನಿಲ್ಲ.

ನವೆಂಬರ್ ೧೧, ಸೋಮವಾರ

ದಿಲೀಪನ ಆಫೀಸಿಗೆ ಹೋದೆ. ಫಲಕ ಬಂದಿತ್ತು. ಥರ್ಮಾಕೋಲಿನ ಪೆಟ್ಟಿಗೆಯಿಂದ ಅವನೇ ಎತ್ತಿ ತೋರಿಸಿದ. ನನ್ನ ಹೆಸರಿನ ಮೇಲೆ ಟ್ಯೂಬ್‌ಲೈಟು ಹೊಳೆಯುತ್ತಿತ್ತು.

"ದಿಲೀಪ್ ಅವ್ರೇ, ಇದು ತಪ್ಪು. ಆ ಸುತ್ತು ನನ್ನದಲ್ಲ. ಯಶೋದೆಯದು."

"ಸುತ್ತಿದ್ದು ಅಕ್ಕನೇ ಅಂತ ಎಲ್ಲರಿಗೂ ಗೊತ್ತಲ್ಲ ದಯಣ್ಣ. ಅದಕ್ಕೇ ಸಹಕರಿಸಿದರು ಅಂತ ಹಾಕಿರೋದು."

"ಸಹಕಾರ ಅಲ್ಲ ಮಾರಾಯ್ರೆ. ನಾನು ಕಂಡುಹಿಡಿದಿಲ್ಲ. ಅವಳ ಎಣಿಕೆಯೇ ಹಾಗೆ. ಲಾಭ ಬಿಟ್ಟು ಇಪ್ಪತ್ತೆಂಟು." ಅತ್ತೆಯ ಮನೆಯದ್ದು, ಪಾವಿನದ್ದು, ಗೋಡೆಯದ್ದು ಎಲ್ಲ ಹೇಳಿದೆ. ನನ್ನ ಜೀವನದಲ್ಲಿ ಒಂದು ಕಥೆಯನ್ನು ಅಷ್ಟು ಕೆಟ್ಟದಾಗಿ ಹೇಳಿಲ್ಲ. ಹಿಂದೆ ಮುಂದೆ ಆಯಿತು, ನಡುವೆ ನಿಂತಿತು.

ದಿಲೀಪ ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟ. "ದಯಣ್ಣ, ಅಕ್ಕ ಹೋಗಿ ಮೂರು ತಿಂಗಳೂ ಆಗಿಲ್ಲ. ನಿಮಗೆ ಹೀಗೆಲ್ಲ ಅನಿಸೋದು ಸಹಜ. ನಮ್ಮಮ್ಮ ಹೋದಾಗ ಅಪ್ಪನೂ ಹಾಗೇ, ತೋಟ ಎಲ್ಲ ಅವಳೇ ಮಾಡಿದ್ದು ಅಂತಿದ್ರು."

"ನಿಮ್ಮಪ್ಪ ಹೇಳಿದ್ದು ನಿಜವೇ ಇರಬಹುದು."

"ಇರಬಹುದು," ಅಂತ ಅವನು ನಕ್ಕ. "ಆದರೂ ಪಹಣಿ ಅಪ್ಪನ ಹೆಸರಲ್ಲಲ್ವಾ? ಅಚ್ಚು ಹೊಯ್ದಾಯ್ತು ದಯಣ್ಣ. ಹಿತ್ತಾಳೆ ತಿದ್ದೋಕಾಗಲ್ಲ. ಭಾಷಣದಲ್ಲಿ ಹೇಳಿ, ಜನಕ್ಕೆ ಇಷ್ಟ ಆಗುತ್ತೆ."

ಸರಿ. ಭಾಷಣದಲ್ಲಿ ಹೇಳುತ್ತೇನೆ. ಮೂರು ಪುಟವನ್ನೂ ಹರಿದೆ. ಮೈಕ್ ಕೊಟ್ಟರೆ ನಾನು ಯಾರನ್ನು ನಂಬಿಸಿಲ್ಲ? ದಯಾನಂದ ಸುತ್ತು ಅಂತ ಇಡೀ ಮಲೆನಾಡನ್ನು ನಂಬಿಸಿದ ಬಾಯಿ ಇದು.

ನವೆಂಬರ್ ೧೪, ಗುರುವಾರ

ಮೂಡಿಗೆರೆಯ ಪುಡಿ, ಚಿಕೋರಿ ಇಲ್ಲದ್ದು. ನಾಲ್ಕು ಚಮಚ, ನೀರು ಕುದಿ ಬಂದಮೇಲೆ. ಅದೇ ನೀರು. ಆ ಅಂಗಡಿಯವನಿಗೂ ಬೈದು ಬಂದೆ. ಮೂರು ಊರಾಯಿತು.

ನವೆಂಬರ್ ೧೭, ಭಾನುವಾರ, ಸಂಜೆ

ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಾಮಿಯಾನ ಹಳ್ಳದ ಈಚೆ ಹಾಕಿದ್ದರು. ಇನ್ನೂರಕ್ಕೆ ಎಂಟು ಕಮ್ಮಿ ಜನ. ಅತ್ತೆಯನ್ನು ನಾನೇ ಜೀಪಲ್ಲಿ ಕರೆದುಕೊಂಡು ಬಂದು ಮುಂದಿನ ಸಾಲಲ್ಲಿ ಕೂರಿಸಿದ್ದೆ. ಪರದೆ ಎಳೆದರು, ಫಲಕ ಹೊಳೆಯಿತು, ಚಪ್ಪಾಳೆ. ನನ್ನನ್ನು ಕರೆದರು.

ಹೇಳಿದೆ: "ದಯಾನಂದ ಸುತ್ತು ಅಂತ ಪ್ರಪಂಚದಲ್ಲಿ ಒಂದಿಲ್ಲ."

ಜನ ನಕ್ಕರು. ನಾನು ಮಾತು ಶುರು ಮಾಡುವುದೇ ಹಾಗೆ ಅಂತ ಅವರಿಗೆ ಗೊತ್ತು. ಮೂವತ್ತು ವರ್ಷ ನಾನೇ ರೂಢಿ ಮಾಡಿಸಿದ್ದು.

"ನಗಬೇಡಿ. ಸುಳ್ಳು ಹೇಳಿದ್ದೆ. ಅದು ನನ್ನ ಹೆಂಡತಿಯ ಎಣಿಕೆ. ಅವಳು ಮೊದಲನೇದನ್ನ ಲಾಭ ಅಂತ ಬಿಟ್ಟು ಆಮೇಲೆ ಒಂದು ಅಂತಿದ್ದಳು. ನಾನು ತಪ್ಪು ಅಂದೆ. ಎಲ್ಲರ ಮುಂದೆ ಬೈದೆ. ಆಮೇಲೆ ಅದಕ್ಕೆ ನನ್ನ ಹೆಸರಿಟ್ಟೆ. ಅವಳ ಎಣಿಕೆ ಈ ಗೋಡೆ ಮೇಲೆ ಇತ್ತು. ಸುಣ್ಣ ಹೊಡೆಸಿದವನೂ ನಾನೇ."

ಈ ಸಲ ಯಾರೂ ನಗಲಿಲ್ಲ. ಕೇಳಿಸಿಕೊಂಡರು ಅಂದುಕೊಂಡೆ. ಆಮೇಲೆ ಹಿಂದಿನ ಸಾಲಲ್ಲಿ ಒಬ್ಬ ಎದ್ದು ಚಪ್ಪಾಳೆ ತಟ್ಟಿದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಹೆಂಗಸರು ಸೆರಗಲ್ಲಿ ಕಣ್ಣು ಒರೆಸಿಕೊಂಡರು. ಮುಖ್ಯ ಅತಿಥಿ ಮೈಕ್ ತೆಗೆದುಕೊಂಡು, ತಮ್ಮ ಸಾಧನೆಯನ್ನು ಅಗಲಿದ ಮಡದಿಗೆ ಅರ್ಪಿಸಿದ ಇಂಥ ಹೃದಯವಂತರನ್ನು ಕಂಡಿಲ್ಲ ಅಂದರು. ಆಲ್ದೂರಿನ ಅಭಿಷೇಕ್, ನನ್ನ ಹತ್ತಿರವೇ ಕಲಿತವನು, ಬಂದು ಕಾಲು ಮುಟ್ಟಿ, "ಎಂಥಾ ಮಾತು ಹೇಳಿದ್ರಿ ಗುರುಗಳೇ, ನಿಮಗಲ್ದೆ ಯಾರಿಗೂ ಬರಲ್ಲ," ಅಂದ.

"ಮಾತಲ್ಲ ಮಾರಾಯ, ನಿಜ."

"ಅದೇ ಗುರುಗಳೇ, ನಿಜ ಅನ್ನೋ ಹಾಗೇ ಹೇಳಿದ್ರಿ."

ಧನ್ಯಶ್ರೀ ಒಬ್ಬಳು ಚಪ್ಪಾಳೆ ತಟ್ಟಿರಲಿಲ್ಲ. ಊಟದ ಹೊತ್ತಿಗೆ ಹತ್ತಿರ ಬಂದಳು. "ನಾನು ನಂಬ್ತೀನಿ ಸರ್. ಪುಸ್ತಕದಲ್ಲಿ ಹಾಕೋಕೆ ಒಂದು ಆಧಾರ ಬೇಕು."

"ಹಳೇ ಕಾಯಿಲ್ ಬಿಚ್ಚಿ ತೋರಿಸಲಾ?"

"ಇಪ್ಪತ್ತೊಂಬತ್ತು ಅಂತ ಎಲ್ಲರಿಗೂ ಗೊತ್ತು ಸರ್. ಯಾರದ್ದು ಅಂತ ಎಣಿಸಿ ತೋರಿಸೋಕಾಗಲ್ಲ. ಗೋಡೆ ಇದ್ದಿದ್ರೆ..." ಅಂದು ನಿಲ್ಲಿಸಿದಳು. ಒಳ್ಳೆಯ ಹುಡುಗಿ. ನನ್ನ ಹೇಳಿಕೆಯನ್ನು ನನ್ನ ಮಾತು ಅಂತಲೇ ಹಾಕುತ್ತಾಳಂತೆ. ಆ ಸೊನ್ನೆಯನ್ನೂ ಹಾಕುತ್ತಾಳಂತೆ, ಭುಜ ಕತ್ತರಿಸಿ. ಏಳನೇ ಕ್ಲಾಸಿನ ಮುಖವನ್ನು ದೊಡ್ಡದು ಮಾಡಿಸಿದ್ದಾಳೆ, ಮಬ್ಬಾಗಿದೆ.

ಜನ ಕರಗಿದ ಮೇಲೆ ಅತ್ತೆ ಕೇಳಿದರು, "ಯಶಿ ಎಲ್ಲಿ ಕೂತ್ಕತಿದ್ಲು?"

ಒಳಗೆ ಕರೆದುಕೊಂಡು ಹೋದೆ. ಕಿಟಕಿಯ ಕೆಳಗೆ ಈಗ ಮೇಜು, ಮೇಜಿನ ಮೇಲೆ ನನ್ನ ದೊಡ್ಡ ಫೋಟೋ, ಸುತ್ತ ಹಗ್ಗ ಕಟ್ಟಿ 'ಮುಟ್ಟಬೇಡಿ' ಅಂತ ಬರೆದಿದ್ದಾರೆ. ಹಗ್ಗ ಬಿಚ್ಚಿದೆ. ಮೇಜು ಸರಿಸಿದೆ. ಅತ್ತೆ ಗೋಡೆ ಹಿಡಿದುಕೊಂಡು ನಿಧಾನ ನೆಲಕ್ಕೆ ಕೂತರು. ಕೂತು ಕಿಟಕಿಯ ಕಡೆ ನೋಡಿದರು, ಆಮೇಲೆ ಬಾಗಿಲ ಕಡೆ.

"ಬೆಳಕು ಚೆನ್ನಾಗೈತೆ," ಅಂದರು.

ಅವರು ಕೂತಿದ್ದಷ್ಟು ಹೊತ್ತು ಹಳ್ಳದ ಸದ್ದು ಕೇಳಿಸಿತು. ಆ ಶೆಡ್ಡಿನಲ್ಲಿ ನಿಂತು ನಾನು ಅದನ್ನು ಕೇಳಿದ್ದು ಇದೇ ಮೊದಲು.

ನವೆಂಬರ್ ೧೮, ಸೋಮವಾರ

ಬೆಳಿಗ್ಗೆ ಕಾಫಿಗೆ ನೀರಿಟ್ಟೆ. ಫಿಲ್ಟರಿನ ಮುಚ್ಚಳ ತೆಗೆದು ಚಮಚ ಕೈಗೆತ್ತಿಕೊಂಡವನು ಹಾಗೇ ನಿಂತೆ.

ಪುಡಿ ಮೊದಲು ತರುತ್ತಿದ್ದ ಅಂಗಡಿಯದ್ದೇ. ಉಳಿದಿತ್ತು.

ಲಾಭ.

ಒಂದು, ಎರಡು, ಮೂರು, ನಾಲ್ಕು.

ಡಿಕಾಕ್ಷನ್ ಇಳಿಯುವವರೆಗೆ ಸ್ಟವ್ ಒರೆಸಿದೆ. ಹಾಲು ಕಾಯಿಸಿದೆ. ಲೋಟಕ್ಕೆ ಹುಯ್ದುಕೊಂಡು ಅಲ್ಲೇ ನಿಂತು ಒಂದು ಗುಟುಕು ಕುಡಿದೆ.

ಅದೇ ಕಾಫಿ. ಮೂವತ್ತನಾಲ್ಕು ವರ್ಷ ಬೆಳಿಗ್ಗೆ ಬೆಳಿಗ್ಗೆ ಜಗಲಿಗೆ ತಂದುಕೊಡುತ್ತಿದ್ದಳಲ್ಲ, ನಾನು ಫೋನಲ್ಲಿ ಮಾತಾಡುತ್ತ ಕೈ ಚಾಚಿ ಈಸಿಕೊಳ್ಳುತ್ತಿದ್ದೆನಲ್ಲ, ಅದೇ.

ಲೋಟ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಕಾಫಿಯ ಮೇಲೆ ಕೆನೆ ಕಟ್ಟಿತು.

ಸರಿಯಾಗೇ ಎಣಿಸಿದ್ದಳು.